ಕಾರಿನ ಗಿಂಡಿ, ಕೀಯ ಒಳಗಿನ ಸುರುಳಿ ಮತ್ತು ಮೊದಲ ಸಾವಿರ ಕಿಲೋಮೀಟರ್

ನಿಮ್ಮಲ್ಲಿ ಕಾರು ಇದ್ದರೆ, ಇದನ್ನು ಓದುವ ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಸ್ವಂತದ್ದು ಇಲ್ಲದಿದ್ದರೆ ಶಾಲೆಯ ಅಂಗಳದಲ್ಲಿ ನಿಂತಿರುವ ಸಹೋದ್ಯೋಗಿಯ ಕಾರಾದರೂ ಆಗುತ್ತದೆ. ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿ. ಎಂಜಿನ್ ಮಾತ್ರ ಸ್ಟಾರ್ಟ್ ಮಾಡಬೇಡಿ. ಸ್ಟೇರಿಂಗಿನ ಹಿಂದಿನ ಫಲಕದಲ್ಲಿ ಕೆಂಪು, ಹಳದಿ ಚಿತ್ರಗಳೆಲ್ಲ ಒಮ್ಮೆಲೇ ಹತ್ತಿಕೊಳ್ಳುತ್ತವೆ. ಮೂರು ನಾಲ್ಕು ಸೆಕೆಂಡಿನಲ್ಲಿ ಕೆಲವು ಆರುತ್ತವೆ, ಕೆಲವು ಉಳಿಯುತ್ತವೆ. ಉಳಿದವು ಯಾವುವೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಉಳಿಯುವವು ಇವು: ತುದಿಯಲ್ಲಿ ಹನಿ ತೊಟ್ಟಿಕ್ಕುವ ಗಿಂಡಿ, ಬ್ಯಾಟರಿ, ಎಂಜಿನ್ ಆಕಾರದ ಹಳದಿ ಚಿತ್ರ. ಹ್ಯಾಂಡ್ ಬ್ರೇಕ್ ಎಳೆದಿದ್ದರೆ ಅದರ ಕೆಂಪು ವೃತ್ತವೂ ಇರುತ್ತದೆ. ಎಂಜಿನ್ ಸ್ಟಾರ್ಟ್ ಆದೊಡನೆ ಗಿಂಡಿ, ಬ್ಯಾಟರಿ, ಎಂಜಿನ್ ಮೂರೂ ಆರಬೇಕು. ಇದು ಕಾರು ಪ್ರತಿದಿನ ಕೊಡುವ ಹಾಜರಿ. "ನನ್ನ ದೀಪಗಳೆಲ್ಲ ಜೀವಂತ ಇವೆ, ನೋಡಿಕೊಳ್ಳಿ" ಎಂದು ಅದು ಹೇಳುತ್ತಿದೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಈ ಹಾಜರಿ ತಪ್ಪದೆ ಕರೆಯಿರಿ. ಏರ್‌ಬ್ಯಾಗಿನ ದೀಪವೋ ಎಂಜಿನ್ನಿನ ದೀಪವೋ ಹತ್ತಲೇ ಇಲ್ಲ ಎಂದಾದರೆ ಕಾರು ಚೆನ್ನಾಗಿದೆ ಎಂದಲ್ಲ. ದೀಪ ಹೋಗಿದೆ, ಇಲ್ಲವೇ ಯಾರೋ ಬೇಕೆಂದೇ ಅದರ ಬಾಯಿ ಮುಚ್ಚಿಸಿದ್ದಾರೆ.

ಗಿಂಡಿಯ ವಿಷಯದಲ್ಲಿ ನಾನು ತೆತ್ತ ಬೆಲೆ ಸಣ್ಣದಲ್ಲ. ಎರಡು ಮಳೆಗಾಲದ ಹಿಂದೆ ಶಾಲೆಯಿಂದ ಮನೆಗೆ ಬರುವಾಗ, ಡಾಮರು ಎದ್ದ ರಸ್ತೆಯಲ್ಲಿ ಕಾರಿನ ಅಡಿಗೆ ಕಲ್ಲೊಂದು ಬಡಿಯಿತು. ಸ್ವಲ್ಪ ಹೊತ್ತಿಗೆ ಗಿಂಡಿ ಕೆಂಪಾಗಿ ಉರಿಯತೊಡಗಿತು. ಎಣ್ಣೆ ಕಡಿಮೆ ಆಗಿರಬೇಕು, ನಾಳೆ ಹಾಕಿಸಿದರಾಯ್ತು ಅಂದುಕೊಂಡೆ. ಮನೆಗೆ ಇನ್ನು ನಾಲ್ಕೇ ಕಿಲೋಮೀಟರ್. ಮೂರು ದಾಟುವಾಗ ಒನಕೆಯಿಂದ ಕುಟ್ಟಿದ ಹಾಗೆ ಶಬ್ದ ಬಂತು, ಎಂಜಿನ್ ಕಚ್ಚಿ ನಿಂತಿತು. ಮರುದಿನ ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆ: "ಲೈಟ್ ಕೆಂಪೋ ಹಳದಿಯೋ, ಮಾಷೇ?" ಕೆಂಪು ಅಂದೆ. "ಹಾಗಾದ್ರೆ ಅಲ್ಲೇ ನಿಲ್ಲಿಸ್ಬೇಕಿತ್ತು." ಆ ಒಂದು ಮಾತು ಮೊದಲೇ ಗೊತ್ತಿದ್ದರೆ ನನ್ನ ಒಂದೂವರೆ ತಿಂಗಳ ಸಂಬಳ ಉಳಿಯುತ್ತಿತ್ತು. ಹತ್ತೊಂಬತ್ತು ವರ್ಷ ಮಕ್ಕಳಿಗೆ ಘರ್ಷಣೆಯ ಪಾಠ ಮಾಡಿದವ ನಾನು, ಮಾರಾಯ್ರೆ!

ನನ್ನ ತಪ್ಪು ಎಲ್ಲಿ ಅಂದರೆ, ಗಿಂಡಿ ಎಣ್ಣೆಯ ಮಟ್ಟವನ್ನು ಹೇಳುವುದಿಲ್ಲ, ಒತ್ತಡವನ್ನು ಹೇಳುತ್ತದೆ. ಎಂಜಿನ್ನಿನ ಒಳಗೆ ತಿರುಗುವ ದಂಡವೂ ಅದನ್ನು ಹಿಡಿದಿರುವ ಬೇರಿಂಗೂ ಒಂದಕ್ಕೊಂದು ತಾಗುವುದೇ ಇಲ್ಲ. ಪಂಪ್ ಒತ್ತಿ ಕಳಿಸಿದ ಎಣ್ಣೆಯ ತೆಳುಪೊರೆಯ ಮೇಲೆ ದಂಡ ತೇಲುತ್ತಿರುತ್ತದೆ. ಓಡುವ ಎಂಜಿನ್ನಿನಲ್ಲಿ ಈ ಒತ್ತಡ ಸಾಮಾನ್ಯವಾಗಿ ವಾಯುಮಂಡಲದ ಒತ್ತಡದ ಎರಡರಿಂದ ನಾಲ್ಕು ಪಟ್ಟು. ಎಣ್ಣೆಯ ದಾರಿಯಲ್ಲಿ ಒಂದು ಸ್ವಿಚ್ಚು ಉಂಟು. ಒತ್ತಡ ಇರುವಷ್ಟು ಹೊತ್ತು ಅದರ ತುದಿಗಳು ದೂರ ಇರುತ್ತವೆ; ಒತ್ತಡ ಬಿದ್ದರೆ ಸ್ಪ್ರಿಂಗ್ ತಳ್ಳಿ ಮಂಡಲ ಪೂರ್ಣವಾಗುತ್ತದೆ, ದೀಪ ಉರಿಯುತ್ತದೆ. ಈ ಸ್ವಿಚ್ಚನ್ನು ಬಹಳ ಕೆಳಗಿನ ಮಿತಿಗೆ, ವಾಯುಮಂಡಲದ ಒತ್ತಡದ ಅರ್ಧಕ್ಕೂ ಕಡಿಮೆಗೆ ಹೊಂದಿಸಿರುತ್ತಾರೆ. ಆದ್ದರಿಂದ ಗಿಂಡಿ ಹತ್ತಿದೆ ಎಂದರೆ ಒತ್ತಡ ಸ್ವಲ್ಪ ಕಡಿಮೆ ಆಗಿದೆ ಎಂದಲ್ಲ, ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಲೋಹ ಲೋಹವನ್ನು ಉಜ್ಜತೊಡಗಿದೆ. ಕಾರು ಬದಿಗೆ ತಂದು ಎಂಜಿನ್ ಆಫ್ ಮಾಡುವುದೊಂದೇ ದಾರಿ. ನಮ್ಮ ಹಾಗೆ ಗುಡ್ಡದ ತಿರುವುಗಳಲ್ಲಿ ಓಡಾಡುವವರಿಗೆ ಇನ್ನೊಂದು ಸೂಚನೆ ಮೊದಲೇ ಸಿಗುವುದುಂಟು. ತಿರುವಿನಲ್ಲಿ ಮಾತ್ರ ಗಿಂಡಿ ಮಿನುಗಿ ಆರಿದರೆ, ಎಣ್ಣೆ ಕಡಿಮೆಯಾಗಿ, ಓರೆಯಾದಾಗ ಪಂಪಿನ ಬಾಯಿಗೆ ಸಿಗುತ್ತಿಲ್ಲ ಎಂದು ಅರ್ಥ. ಅಷ್ಟರಲ್ಲೇ ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಂಜಿನ್ ಉಳಿಯುತ್ತದೆ.

ಮೆಕ್ಯಾನಿಕ್ ಕೇಳಿದ ಬಣ್ಣದ ಪ್ರಶ್ನೆ ಇಡೀ ಫಲಕದ ವ್ಯಾಕರಣ. ಕೆಂಪು ಅಂದರೆ ನಿಲ್ಲಿ. ಹಳದಿ ಅಂದರೆ ಹೋಗಬಹುದು, ಆದರೆ ಬೇಗ ತೋರಿಸಿ. ಹಸಿರು ಅಂದರೆ ಏನೋ ಒಂದು ಚಾಲೂ ಇದೆ, ಅಷ್ಟೆ. ನೀಲಿ ಹೆಡ್‌ಲೈಟಿನ ಹೈಬೀಮಿಗೆ ಮೀಸಲು. ಕೆಲವು ಕಾರುಗಳಲ್ಲಿ ಎಂಜಿನ್ ಇನ್ನೂ ತಣ್ಣಗಿದೆ ಎನ್ನಲೂ ಬರುತ್ತದೆ. ಈ ಚಿತ್ರಗಳಿಗೆ ಐಎಸ್‌ಒ 2575 ಎಂಬ ಅಂತಾರಾಷ್ಟ್ರೀಯ ಮಾನಕ ಇದೆ. ಜಪಾನಿನ ಕಾರಿಗೂ ನಮ್ಮ ಕಾರಿಗೂ ಒಂದೇ ಗಿಂಡಿ. ಬಸ್ಸಿನ ಬೋರ್ಡು ಒಂದು ಲಿಪಿಯಲ್ಲಿ, ಮಕ್ಕಳ ಪಾಠ ಇನ್ನೊಂದರಲ್ಲಿ, ಕಾರಿನ ಕೈಪಿಡಿ ಮೂರನೆಯದರಲ್ಲಿ ಓದುವ ಗಡಿನಾಡಿನವರಿಗೆ ಯಾವ ಭಾಷೆಯೂ ಬೇಡದ ಬರಹ ಸಿಗುವುದು ಇದೊಂದೇ. ಅದನ್ನೂ ಓದದೆ ಬಿಟ್ಟವ ನಾನು.

ಇನ್ನು ಬ್ಯಾಟರಿ. ಈ ದೀಪ ತರಗತಿಗೆ ಹೇಳಿ ಮಾಡಿಸಿದ್ದು. ಹಳೆಯ ಕಾರುಗಳಲ್ಲಿ ಆ ಬಲ್ಬಿನ ಒಂದು ತುದಿ ಬ್ಯಾಟರಿಗೆ, ಇನ್ನೊಂದು ತುದಿ ಆಲ್ಟರ್ನೇಟರಿಗೆ ಜೋಡಿಸಿರುತ್ತದೆ. ಎಂಜಿನ್ ತಿರುಗದಿದ್ದಾಗ ಒಂದು ಕಡೆ 12 ವೋಲ್ಟ್, ಮತ್ತೊಂದು ಕಡೆ ಹೆಚ್ಚುಕಡಿಮೆ ಸೊನ್ನೆ. ವಿಭವಾಂತರ ಇದೆ, ವಿದ್ಯುತ್ ಹರಿಯುತ್ತದೆ, ಬಲ್ಬು ಉರಿಯುತ್ತದೆ. ಎಂಜಿನ್ ತಿರುಗಿದೊಡನೆ ಎರಡೂ ತುದಿಗಳಲ್ಲಿ ಸುಮಾರು 14 ವೋಲ್ಟ್. ವ್ಯತ್ಯಾಸವೇ ಇಲ್ಲ, ಬಲ್ಬು ಆರುತ್ತದೆ. "ಎರಡೂ ತುದಿಗೆ ಕರೆಂಟು ಕೊಟ್ಟರೆ ಬಲ್ಬು ಇನ್ನೂ ಜೋರಾಗಿ ಉರಿಯಬೇಕಲ್ವಾ ಟೀಚರ್?" ಎಂದು ಕೇಳುವ ಮಗುವಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಈಗಿನ ಕಾರುಗಳಲ್ಲಿ ಈ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ದೀಪದ ಅರ್ಥ ಅದೇ.

ಓಡುವಾಗ ಬ್ಯಾಟರಿ ದೀಪ ಹತ್ತಿದರೆ ಬ್ಯಾಟರಿ ಕೆಟ್ಟಿದೆ ಎಂದಲ್ಲ, ಅದಕ್ಕೆ ಊಟ ಬರುತ್ತಿಲ್ಲ ಎಂದರ್ಥ. ಎಷ್ಟು ದೂರ ಹೋಗಬಹುದು? ಲೆಕ್ಕ ಹಾಕಿ. ರಾತ್ರಿ, ಮಳೆ: ಎರಡು ಹೆಡ್‌ಲೈಟಿಗೆ 120 ವ್ಯಾಟ್, ಅಂದರೆ 10 ಆಂಪಿಯರ್. ವೈಪರ್, ಫ್ಯಾನು, ಪೆಟ್ರೋಲ್ ಪಂಪ್ ಸೇರಿ ಇನ್ನೂ 10 ಎಂದಿಟ್ಟುಕೊಳ್ಳಿ. 35 ಆಂಪಿಯರ್‌ಗಂಟೆಯ ಬ್ಯಾಟರಿ ಕಾಗದದ ಮೇಲೆ ಒಂದೂಮುಕ್ಕಾಲು ಗಂಟೆ ಬರುತ್ತದೆ, ರಸ್ತೆಯಲ್ಲಿ ಅದಕ್ಕಿಂತ ಕಡಿಮೆ. ಎಸಿ, ಹಾಡು ಎಲ್ಲ ಬಂದ್ ಮಾಡಿ ಹತ್ತಿರದ ವರ್ಕ್‌ಶಾಪಿಗೆ ಹೋಗಿ. ನಡುವೆ ಎಂಜಿನ್ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗದೆ ಹೋಗಬಹುದು. ಆದರೆ ಬ್ಯಾಟರಿಯ ಜೊತೆಗೆ ಎಂಜಿನ್ನಿನ ಬಿಸಿಯೂ ಏರಿದರೆ ಮುಂದೆ ಹೋಗಬೇಡಿ. ಅನೇಕ ಕಾರುಗಳಲ್ಲಿ ನೀರಿನ ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತದೆ, ಆ ಬೆಲ್ಟ್ ತುಂಡಾಗಿದೆ.

ನೀರಿನಲ್ಲಿ ಮುಳುಗಿದ ಥರ್ಮಾಮೀಟರ್ ಕೆಂಪಾದರೂ ನಿಲ್ಲಿಸಲೇಬೇಕು. ನಿಲ್ಲಿಸಿದ ಮೇಲೆ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ. ಒಳಗಿರುವುದು ಪ್ರೆಶರ್ ಕುಕ್ಕರ್. ಒತ್ತಡ ಸುಮಾರು ಎರಡು ಪಟ್ಟಿರುವುದರಿಂದ ನೀರು 100 ಡಿಗ್ರಿಯಲ್ಲಿ ಕುದಿಯದೆ ಸುಮಾರು 120ರವರೆಗೆ ತಡೆಯುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು, ಅಷ್ಟೂ ನೀರು ಕುದಿದು ಮುಖಕ್ಕೆ ಹಾರುತ್ತದೆ. ವಿಷಲ್ ಇಳಿಯದೆ ಕುಕ್ಕರ್ ತೆಗೆಯಬಾರದೆಂದು ಗೊತ್ತಿರುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅರ್ಧ ಗಂಟೆಯಾದರೂ ಕಾಯಿರಿ.

ಬ್ರೇಕಿನ ಕೆಂಪು ವೃತ್ತ ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೂ ಉರಿದರೆ ಬ್ರೇಕ್ ಎಣ್ಣೆ ಕಡಿಮೆ ಇದೆ. ಸೋರಿರಬಹುದು, ಇಲ್ಲವೇ ಬ್ರೇಕ್ ಪ್ಯಾಡ್ ಸವೆದಿರಬಹುದು. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬಂದು ಅದರ ಹಿಂದಿನ ಜಾಗಕ್ಕೆ ಎಣ್ಣೆ ಇಳಿಯುತ್ತದೆ. ಪ್ಯಾಡ್ ನೋಡದೆ ಬರೀ ಎಣ್ಣೆ ತುಂಬಿಸಿದರೆ ದೀಪ ಆರುತ್ತದೆ, ರೋಗ ಹಾಗೇ ಇರುತ್ತದೆ. ಹಳದಿ ಎಬಿಎಸ್ ಒಂದೇ ಹತ್ತಿದರೆ ಸಾಮಾನ್ಯ ಬ್ರೇಕು ಇರುತ್ತದೆ, ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ ಮಾತ್ರ ಇಲ್ಲ. ಕೆಂಪೂ ಹಳದಿಯೂ ಒಟ್ಟಿಗೆ ಉರಿದರೆ ಕಾರು ಮುಟ್ಟಬೇಡಿ. ಎಂಜಿನ್ ಆಕಾರದ ಹಳದಿ ದೀಪ ಸುಮ್ಮನೆ ಉರಿದರೆ ಒಂದೆರಡು ದಿನದಲ್ಲಿ ತೋರಿಸಿ; ಮಿನುಗಿದರೆ ವೇಗ ಇಳಿಸಿ ನಿಲ್ಲಿಸಿ, ಸುಡದ ಪೆಟ್ರೋಲ್ ಹೊಗೆಕೊಳವೆಯ ಒಳಗೆ ಸುಡುತ್ತಿದೆ. ಸೀಟ್ ಬೆಲ್ಟಿನ ಅಲಾರ್ಮಿನ ಬಾಯಿ ಮುಚ್ಚಲು ಅಂಗಡಿಯಲ್ಲಿ ಖಾಲಿ ಕೊಕ್ಕೆ ಸಿಗುತ್ತದಲ್ಲ, ದಯವಿಟ್ಟು ಅದನ್ನು ತರಬೇಡಿ. 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಡ್ರೈವರ್ ಏರ್‌ಬ್ಯಾಗೂ ಬೆಲ್ಟಿನ ಅಲಾರ್ಮೂ ಒಟ್ಟಿಗೆ ಕಡ್ಡಾಯವಾದವು. ಬೆಲ್ಟ್ ಹಿಡಿದಿಟ್ಟ ದೇಹಕ್ಕೆಂದೇ ಆ ಚೀಲದ ಲೆಕ್ಕ ಹಾಕಿದ್ದಾರೆ.

ಫಲಕದಲ್ಲಿ ಕೀಯ ಅಥವಾ ಬೀಗದ ಚಿತ್ರವೂ ಒಂದಿದೆ. ಅದರ ಕಥೆ ಬೇರೆ. ಪೇಟೆಯಲ್ಲಿ ಡುಪ್ಲಿಕೇಟ್ ಕೀ ಮಾಡಿಸಿದವರಿಗೆ ಗೊತ್ತಿರಬಹುದು: ಬಾಗಿಲು ತೆರೆಯುತ್ತದೆ, ಕೀ ತಿರುಗುತ್ತದೆ, ಎಂಜಿನ್ ಮಾತ್ರ ಏಳುವುದಿಲ್ಲ, ಎದ್ದರೂ ಒಂದೆರಡು ಸೆಕೆಂಡಿನಲ್ಲಿ ಸಾಯುತ್ತದೆ. ಕೀಯ ಹಲ್ಲುಗಳು ಸರಿ ಇವೆ, ಒಳಗಿನ ಚಿಪ್ ಇಲ್ಲ. ಈ ವ್ಯವಸ್ಥೆಗೆ ಇಮೊಬಿಲೈಜರ್ ಎನ್ನುತ್ತಾರೆ. ಬೀಗದ ಸುತ್ತ ಒಂದು ತಂತಿಯ ಸುರುಳಿ. ಅದರಲ್ಲಿ ಸೆಕೆಂಡಿಗೆ ಸುಮಾರು 1,25,000 ಆವರ್ತನೆಗಳ ಪರ್ಯಾಯ ವಿದ್ಯುತ್. ಕೀಯ ತಲೆಯೊಳಗೆ ಇನ್ನೊಂದು ಪುಟ್ಟ ಸುರುಳಿ. ಕಾಂತಕ್ಷೇತ್ರ ಬದಲಾದಂತೆ ಇದರಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ, 1831ರಲ್ಲಿ ಫ್ಯಾರಡೆ ಕಂಡದ್ದೇ. ಆ ವಿದ್ಯುತ್ತಿನಿಂದ ಚಿಪ್ ಎಚ್ಚರಗೊಂಡು ಉತ್ತರ ಕೊಡುತ್ತದೆ. ಚಿಪ್ಪಿಗೆ ಬ್ಯಾಟರಿಯೇ ಬೇಡ. ರಿಮೋಟಿನ ಸೆಲ್ ಮುಗಿದರೂ ಕಾರು ಸ್ಟಾರ್ಟ್ ಆಗುವುದು, ಬಟನ್ ಕಾರುಗಳಲ್ಲಿ ಕೀಯನ್ನು ಬಟನ್ನಿಗೆ ತಾಗಿಸಿ ಹಿಡಿಯಿರಿ ಎನ್ನುವುದು ಇದಕ್ಕಾಗಿಯೇ.

ಇದಕ್ಕಿಂತ ಮೊದಲಿನ ಉಪಾಯ ನನಗೆ ಇನ್ನೂ ಇಷ್ಟ. ಅಮೆರಿಕದ 1986ರ ಶೆವರ್ಲೆ ಕಾರ್ವೆಟ್ ಕಾರಿನ ಕೀಯಲ್ಲಿ ಚಿಪ್ ಇರಲಿಲ್ಲ, ಒಂದು ರೋಧಕ ಇತ್ತು. ಒಟ್ಟು 15 ಬೆಲೆಗಳಲ್ಲಿ ಒಂದು. ಕಾರು ಓಮನ ನಿಯಮದಂತೆ ರೋಧವನ್ನು ಅಳೆದು ತನ್ನ ಕೀ ಹೌದೋ ಅಲ್ಲವೋ ತೀರ್ಮಾನಿಸುತ್ತಿತ್ತು. ಕಳ್ಳ ಹದಿನೈದನ್ನೂ ಒಂದೊಂದಾಗಿ ಪ್ರಯತ್ನಿಸಬಹುದಲ್ಲ ಎಂದರೆ, ತಪ್ಪು ಕೀ ಹಾಕಿದೊಡನೆ ಕೆಲವು ನಿಮಿಷ ಕಾರು ಮುಷ್ಕರ ಹೂಡುತ್ತಿತ್ತು. ಹತ್ತನೇ ತರಗತಿಯಲ್ಲಿ ಒಂದು ಮೀಟರ್, ನಾಲ್ಕು ರೋಧಕಗಳನ್ನಿಟ್ಟು ಈ ಆಟ ಆಡಿಸಿ ನೋಡಿ. ಈಗಿನ ಚಿಪ್ ಇನ್ನೂ ಜಾಣ. ಕಾರು ಪ್ರತಿಸಲ ಹೊಸದೊಂದು ಸಂಖ್ಯೆ ಕೇಳುತ್ತದೆ, ಚಿಪ್ ತನ್ನ ಗುಟ್ಟಿನ ಸೂತ್ರದಿಂದ ಲೆಕ್ಕ ಮಾಡಿ ಉತ್ತರಿಸುತ್ತದೆ. ನಿನ್ನೆಯ ಉತ್ತರ ಕದ್ದವನಿಗೆ ಇಂದಿನ ಪ್ರಶ್ನೆಗೆ ಪ್ರಯೋಜನ ಇಲ್ಲ. ಕಿಸೆಯಿಂದ ತೆಗೆಯದೆಯೇ ಬಾಗಿಲು ತೆರೆಯುವ ಕೀಗಳಿಗೆ ಒಂದು ದೌರ್ಬಲ್ಯ ಉಂಟು: ಮನೆಯೊಳಗಿನ ಕೀಯ ಸಂಕೇತವನ್ನು ಹೊರಗಿನ ಕಾರಿಗೆ ದಾಟಿಸುವ ಉಪಕರಣ ಕಳ್ಳರ ಕೈಗೆ ಬಂದಿದೆ. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕೀ ಹಾಕಿ ಮುಚ್ಚಳ ಬಿಗಿದರೆ ಹೆಚ್ಚಾಗಿ ಸಾಕು. ಡಬ್ಬಿಯನ್ನು ಕಾರಿನ ಹತ್ತಿರ ಒಯ್ದು ನೋಡಿ. ಬಾಗಿಲು ತೆರೆಯಲಿಲ್ಲವಾದರೆ ಡಬ್ಬಿ ಪಾಸು.

ಹಳೆ ಕಾರು ಕೊಳ್ಳುವಾಗ ಚಾಸಿ ನಂಬರನ್ನು ಆರ್‌ಸಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ. ಹದಿನೇಳು ಅಕ್ಷರ ಅಂಕಿಗಳು. ಐ, ಒ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಅದರಲ್ಲಿ ಬರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗಬಾರದೆಂದು. ಅವು ಕಂಡರೆ ವ್ಯಾಪಾರ ಅಲ್ಲಿಗೇ ಬಿಡಿ.

ಹೊಸ ಕಾರು ತಂದವರು ಮೊದಲ ಸಾವಿರ ಕಿಲೋಮೀಟರ್ ಅದನ್ನು ಹೊಸ ಸೊಸೆಯ ಹಾಗೆ ನೋಡಿಕೊಳ್ಳಬೇಕು ಎನ್ನುತ್ತಿದ್ದರು ಹಿಂದಿನವರು. (ಸೊಸೆಯನ್ನು ಸಾವಿರದ ನಂತರವೂ ಹಾಗೇ ನೋಡಿಕೊಳ್ಳಿ.) ಸಿಲಿಂಡರಿನ ಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಿರುತ್ತವೆ. ಪಿಸ್ಟನ್ನಿನ ಬಳೆಗಳು ಅವುಗಳ ತುದಿಯನ್ನು ಸವೆಸಿ ಗೋಡೆಗೆ ಹೊಂದಿಕೊಳ್ಳುವ ಕಾಲ ಇದು. ಆದ್ದರಿಂದ ಆಕ್ಸಿಲರೇಟರ್ ಪೂರ್ತಿ ಒತ್ತುವುದೂ ಬೇಡ, ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗವೂ ಬೇಡ. ಟಯರಿನ ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗ ನೋಡಿ. 30 ಡಿಗ್ರಿಯಲ್ಲಿ 33 ಇದ್ದದ್ದು, ಓಡಿ 50 ಡಿಗ್ರಿ ಆದರೆ 36 ತೋರಿಸುತ್ತದೆ. (ಲೆಕ್ಕ ಮಾಡುವಾಗ ವಾಯುಮಂಡಲದ 14.7 ಸೇರಿಸಿ, ಉಷ್ಣತೆಯನ್ನು ಕೆಲ್ವಿನ್ನಿನಲ್ಲಿ ಹಾಕಲು ಮಕ್ಕಳಿಗೆ ನೆನಪಿಸಿ.) ಹೆಚ್ಚಾಯ್ತೆಂದು ಬಿಸಿ ಟಯರಿನ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಇರುತ್ತದೆ.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡುವ ಅಭ್ಯಾಸ ನಮ್ಮ ಕಡೆ ಇನ್ನೂ ಉಂಟು. ಬ್ರೇಕಿಗೆ ಬಲ ಕೊಡುವ ನಿರ್ವಾತ ಎರಡು ಮೂರು ಸಲ ಮೆಟ್ಟಿದರೆ ಮುಗಿಯಿತು. ಆಮೇಲೆ ಪೆಡಲ್ ಕಲ್ಲಾಗುತ್ತದೆ. ಕೀ ಹೊರಗೆ ಎಳೆದರಂತೂ ಸ್ಟೇರಿಂಗೂ ಲಾಕ್.

ಮಳೆಗಾಲಕ್ಕೆ ಮೊದಲು ವೈಪರಿನ ಬುಡದ ಜಾಲರಿಯಿಂದ ಎಲೆಗಳನ್ನು ಹೆಕ್ಕಿ ತೆಗೆಯಿರಿ. ಹಲಸಿನ ಮರದಡಿ ನಿಲ್ಲಿಸುವ ಕಾರಿನಲ್ಲಿ ಅವು ಕೊಳೆತು ನೀರಿನ ದಾರಿ ಮುಚ್ಚಿ, ನೀರು ಒಳಗೆ ಇಳಿದು ಕಾಲಡಿಯ ಮ್ಯಾಟು ಒದ್ದೆಯಾಗುತ್ತದೆ. ಇನ್ನು ಇಲಿ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಸಿಪ್ಪೆ, ಹುಲ್ಲು, ಅಡಿಕೆಯ ತುಂಡು ಕಂಡರೆ ಅದು ಗೂಡು ಕಟ್ಟತೊಡಗಿದೆ, ಮುಂದಿನ ಸರದಿ ವೈರಿನದ್ದು. ನಮ್ಮಲ್ಲಿ ಕೆಲವರು ಹೊಗೆಸೊಪ್ಪು ಕಟ್ಟಿಡುತ್ತಾರೆ. ನಾನೂ ಕಟ್ಟಿದ್ದೆ, ನನ್ನ ಇಲಿ ಅದರ ಪಕ್ಕದಲ್ಲೇ ಮಲಗಿ, ಎಬಿಎಸ್ಸಿನ ವೈರು ಕಡಿದಿತ್ತು. ಗೊತ್ತಾದದ್ದು ಹೇಗೆ ಅಂದರೆ, ಬೆಳಿಗ್ಗೆ ಹಾಜರಿಯ ಹೊತ್ತಿಗೆ ಆ ಹಳದಿ ದೀಪ ಆರಲಿಲ್ಲ.