ಎಸಿ ಫುಲ್ ಇಟ್ರೂ ಬಿಸಿ ಗಾಳೀನಾ? ಗ್ಯಾಸ್ ತುಂಬಿಸೋಕೆ ಮುಂಚೆ ಇದನ್ನ ಓದಿ

ಏಪ್ರಿಲ್ ತಿಂಗಳು, ಮಧ್ಯಾಹ್ನ ಒಂದೂವರೆ. ಬೆಂಗಳೂರಿನಿಂದ ದಾವಣಗೆರೆಗೆ ಹೊರಟಿದ್ವಿ. ಹಿಂದಿನ ಸೀಟಿನಲ್ಲಿ ಅಪ್ಪ, ಹೃದಯಕ್ಕೆ ಸ್ಟಂಟ್ ಹಾಕಿಸಿಕೊಂಡು ಎಂಟೇ ದಿನ. ಶಿರಾ ದಾಟೋವರೆಗೂ ಎಸಿ ಹೇಗೋ ಎಳೀತಾ ಇತ್ತು. ಹಿರಿಯೂರು ಹತ್ತಿರ ಬರೋಷ್ಟರಲ್ಲಿ ಮುಖಕ್ಕೆ ಹೇರ್ ಡ್ರೈಯರ್ ಹಿಡಿದ ಹಾಗೆ ಗಾಳಿ. ಕನ್ನಡಿಯಲ್ಲಿ ನೋಡಿದರೆ ಅಪ್ಪ ಟವೆಲ್‌ನಲ್ಲಿ ಕತ್ತು ಒರೆಸಿಕೊಳ್ತಾ ಇದ್ದಾರೆ. "ಕಿಟಕಿ ಇಳಿಸಮ್ಮ, ಬಿಸಿಯಾದ್ರೂ ಗಾಳಿ ತಾನೆ" ಅಂದ್ರು. ಆ ಮಾತಿಗೆ ನನಗೆ ಅಳು ಬರೋದೊಂದು ಬಾಕಿ. ಯಾಕಂದ್ರೆ ಹೊರಡೋಕೆ ಹದಿನೈದು ದಿನ ಮುಂಚೆಯಷ್ಟೇ "ಗ್ಯಾಸ್ ಖಾಲಿ ಆಗಿದೆ ಮೇಡಂ" ಅಂತ ಒಂದು ಗ್ಯಾರೇಜಿನವರು ಹೇಳಿ, ತುಂಬಿಸಿ, ದುಡ್ಡು ತಗೊಂಡಿದ್ದರು. ಒಂದೇ ವರ್ಷದಲ್ಲಿ ಅದು ಎರಡನೇ ಸಲ.

ಈ "ಗ್ಯಾಸ್ ಖಾಲಿ" ಅನ್ನೋ ಮಾತನ್ನು ನಾವು ಪೆಟ್ರೋಲ್ ಖಾಲಿ ಅನ್ನೋ ಥರ ಕೇಳಿಸಿಕೊಳ್ತೀವಿ. ಅಲ್ಲೇ ಮೋಸ ಹೋಗೋದು. ಪೆಟ್ರೋಲ್ ಉರಿದು ಮುಗಿಯುತ್ತೆ, ಎಸಿ ಗ್ಯಾಸ್ ಮುಗಿಯೋದಿಲ್ಲ. ಕೈಗೆ ಸ್ಯಾನಿಟೈಸರ್ ಹಾಕಿಕೊಂಡಾಗ ಅದು ಆವಿಯಾಗ್ತಾ ಚರ್ಮ ತಣ್ಣಗಾಗುತ್ತಲ್ಲ, ಅದೇ ಕೆಲಸ ಡ್ಯಾಶ್‌ಬೋರ್ಡ್ ಒಳಗಿರೋ ಕೂಲಿಂಗ್ ಕಾಯಿಲ್‌ನಲ್ಲಿ ನಡೆಯೋದು. ನಮ್ಮ ರಸ್ತೆಯ ಬಹುತೇಕ ಕಾರುಗಳಲ್ಲಿರೋ ಆರ್-134ಎ ಅನ್ನೋ ಗ್ಯಾಸ್ ಮಾಮೂಲಿ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುತ್ತೆ. ಕಾಯಿಲ್‌ನಲ್ಲಿ ಅದು ಆವಿಯಾಗ್ತಾ ಕಾರಿನೊಳಗಿನ ಶಾಖ ಹೀರಿಕೊಳ್ಳುತ್ತೆ. ಕಂಪ್ರೆಸರ್ ಅದನ್ನು ಒತ್ತಿ ಮುಂದಕ್ಕೆ ತಳ್ಳುತ್ತೆ. ರೇಡಿಯೇಟರ್ ಮುಂದೆ ಕೂತಿರೋ ಕಂಡೆನ್ಸರ್ ಆ ಶಾಖವನ್ನ ಹೊರಗೆ ಬಿಟ್ಟು, ಗ್ಯಾಸನ್ನು ಮತ್ತೆ ದ್ರವ ಮಾಡುತ್ತೆ. ಅದೇ ಗ್ಯಾಸ್ ಸುತ್ತಿ ಸುತ್ತಿ ಬರ್ತಾ ಇರುತ್ತೆ. ರಬ್ಬರ್ ಪೈಪು, ಸೀಲುಗಳಿಂದ ವರ್ಷಗಟ್ಟಲೆಯಲ್ಲಿ ಒಂಚೂರು ಹೋಗೋದು ನಿಜ. ಆದರೆ ಹದಿನೈದು ದಿನಕ್ಕೆ ಖಾಲಿ ಅಂದ್ರೆ ಎಲ್ಲೋ ತೂತಿದೆ ಅಂತಲೇ ಅರ್ಥ. ತೂತು ಬಿಂದಿಗೆಗೆ ನೀರು ತುಂಬಿಸಿಕೊಂಡು ಬಂದೆ ನಾನು, ಎರಡೆರಡು ಸಲ.

ಹಾಗಂತ ಬಿಸಿ ಗಾಳಿ ಬಂದಾಗೆಲ್ಲ ಲೀಕೇ ಅಂತಲೂ ಅಲ್ಲ. ಗ್ಯಾರೇಜಿಗೆ ಹೋಗೋ ಮುಂಚೆ ನೀವೇ ನೋಡಬಹುದಾದ್ದು ಸಾಕಷ್ಟಿದೆ. ಮೊದಲು, ಗಾಳಿ ಕಮ್ಮಿಯೋ, ಇಲ್ಲಾ ಗಾಳಿ ಜೋರಾಗಿದ್ದು ತಂಪು ಇಲ್ಲವೋ? ಗಾಳಿಯೇ ಕಮ್ಮಿ ಇದ್ದರೆ ಗ್ಲೌ ಬಾಕ್ಸ್ ಹಿಂದಿರೋ ಎಸಿ ಫಿಲ್ಟರ್ ನೋಡಿ. ಎಷ್ಟೋ ಕಾರುಗಳಲ್ಲಿ ಟೂಲ್ಸ್ ಇಲ್ಲದೇ ಐದು ನಿಮಿಷದಲ್ಲಿ ಆಚೆ ಬರುತ್ತೆ. (ನಮ್ಮದರಲ್ಲಿ ಒಣಗಿದ ಹೊಂಗೆ ಎಲೆ, ಧೂಳು, ಒಂದು ಜಿರಳೆ. ಆ ಗಾಳೀನೇ ನಾವು ಉಸಿರಾಡಿದ್ದು!) ಹೊರಗಿನ ಗಾಳಿ ಎಳೆಯೋ ಬಟನ್ ಆನ್ ಆಗಿದೆಯಾ ಅಂತಲೂ ನೋಡಿ. ಉರಿಬಿಸಿಲಲ್ಲಿ ರೀಸರ್ಕ್ಯುಲೇಷನ್ ಮೋಡ್‌ನಲ್ಲಿ ಇರಬೇಕು.

ಇನ್ನೊಂದು ಒಳ್ಳೆ ಸುಳಿವು: ಹೈವೇಲಿ ತಂಪಾಗಿದ್ದು, ಸಿಗ್ನಲ್‌ನಲ್ಲಿ ನಿಂತ ಕೂಡಲೇ ಬಿಸಿ ಆಗುತ್ತಾ? ಸಿಲ್ಕ್ ಬೋರ್ಡ್ ಕಡೆ ಓಡಾಡೋರಿಗೆ ಇದು ಬೇಗ ಗೊತ್ತಾಗುತ್ತೆ. ಆಗ ಅನುಮಾನ ಮುಂದಿನ ಫ್ಯಾನ್ ಮೇಲೆ. ಕಾರು ಓಡ್ತಾ ಇದ್ರೆ ಎದುರು ಗಾಳಿಯೇ ಕಂಡೆನ್ಸರ್ ತಣಿಸುತ್ತೆ, ನಿಂತಾಗ ಆ ಕೆಲಸ ಫ್ಯಾನ್‌ದು. ಇಂಜಿನ್ ಸ್ಟಾರ್ಟ್ ಮಾಡಿ, ಎಸಿ ಹಾಕಿ, ಬಾನೆಟ್ ಎತ್ತಿ ದೂರದಿಂದ ನೋಡಿ. ಫ್ಯಾನ್ ತಿರುಗದಿದ್ದರೆ ಫ್ಯೂಸ್, ರಿಲೇ ಅಥವಾ ಮೋಟರ್ ಹೋಗಿರಬಹುದು. ದುಪಟ್ಟಾ, ಟೈ, ಕೈ ಯಾವುದೂ ಹತ್ತಿರ ಬೇಡ. ಕಂಡೆನ್ಸರ್ ಮೇಲೆ ಮಣ್ಣು, ಹುಳ ಮೆತ್ತಿಕೊಂಡಿದ್ದರೂ ಹೀಗೇ ಆಗುತ್ತೆ. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಪೈಪ್ ನೀರಲ್ಲಿ ಮೆಲ್ಲಗೆ ತೊಳೆದರೆ ಸಾಕು. ಪ್ರೆಶರ್ ವಾಷರ್ ಹಿಡಿದರೆ ಅದರ ತೆಳು ರೆಕ್ಕೆಗಳು ಮಡಚಿಕೊಳ್ತವೆ.

ಗ್ಯಾಸ್ ಪೈಪು ಬಿಚ್ಚೋದು, ಆನ್‌ಲೈನ್‌ನಲ್ಲಿ ಸಿಗೋ ಡಬ್ಬಿ ತಂದು ತುಂಬೋದು ಮಾತ್ರ ಬೇಡವೇ ಬೇಡ. ಚಿಮ್ಮಿದ ಗ್ಯಾಸ್ ಚರ್ಮಕ್ಕೆ, ಕಣ್ಣಿಗೆ ತಾಗಿದರೆ ಆ ಜಾಗ ಹೆಪ್ಪುಗಟ್ಟುತ್ತೆ. ಅಲ್ಲದೆ ಗ್ಯಾಸ್ ಜಾಸ್ತಿ ಆದ್ರೂ ಗಾಳಿ ಬಿಸಿಯೇ.

ದಾವಣಗೆರೆಯಲ್ಲಿ ಸಿಕ್ಕ ಮೆಕ್ಯಾನಿಕ್ ಗ್ಯಾಸ್ ಸಿಲಿಂಡರ್ ಮುಟ್ಟಲೇ ಇಲ್ಲ. ಬಗ್ಗಿ ಟಾರ್ಚ್ ಬಿಟ್ಟು, "ಇಲ್ನೋಡ್ರಿ ಅಕ್ಕಾರ, ಜಿಡ್ಡು" ಅಂದ್ರು. ಕಂಡೆನ್ಸರ್ ಕೆಳಮೂಲೆಯಲ್ಲಿ ಎಣ್ಣೆ ಕುಡಿದ ಧೂಳಿನ ಕಪ್ಪು ಮಚ್ಚೆ. ಗ್ಯಾಸ್ ಜೊತೆ ಕಂಪ್ರೆಸರ್ ಆಯಿಲ್ಲೂ ಸುತ್ತುತ್ತಾ ಇರುತ್ತಲ್ಲ, ಸೋರುವಾಗ ಅದೂ ಹೊರಬಂದು ಗುರುತು ಬಿಡುತ್ತೆ. ನೈಟ್ರೋಜನ್ ತುಂಬಿಸಿ ಸೋಪಿನ ನೀರು ಹಚ್ಚಿದಾಗ ಅಲ್ಲೇ ಗುಳ್ಳೆ ಎದ್ದವು. ಹೈವೇಲಿ ಸಿಡಿದ ಯಾವುದೋ ಕಲ್ಲಿನ ಕೆಲಸ.

ಹೊಸ ಕಂಡೆನ್ಸರ್, ಹೊಸ ಡ್ರೈಯರ್ ಹಾಕಿ, ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು, ಆಮೇಲಷ್ಟೇ ಗ್ಯಾಸ್ ತೂಕ ಮಾಡಿ ತುಂಬಿದ್ರು. ಎಷ್ಟು ಗ್ರಾಂ ಅನ್ನೋದು ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲೇ ಇರುತ್ತೆ, ಯಾವ ಗ್ಯಾಸ್ ಅನ್ನೋದೂ. ಅದರ ಫೋಟೋ ಈಗಲೇ ತೆಗೆದಿಟ್ಟುಕೊಳ್ಳಿ. "ಅಂದಾಜಿಗೆ ಹಾಕ್ತೀನಿ" ಅನ್ನೋರ ಹತ್ತಿರ, ಲೀಕ್ ಟೆಸ್ಟ್ ಮಾಡದೇ ತುಂಬಿಸೋರ ಹತ್ತಿರ ನಾನಂತೂ ಇನ್ನು ಹೋಗಲ್ಲ. ಬಿಲ್ ನೋಡಿ ಹೊಟ್ಟೆ ಉರೀತು, ಸುಳ್ಳು ಹೇಳಲ್ಲ. ಕೂಲಿಂಗ್ ಕಾಯಿಲ್ಲೇ ತೂತಾಗಿದ್ದರೆ ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಂತೆ, ಅದಕ್ಕೆ ಇನ್ನೂ ಜಾಸ್ತಿ ಆಗ್ತಿತ್ತು ಅಂತ ಸಮಾಧಾನ ಮಾಡಿಕೊಂಡೆ.

ಮುಂದಿನ ತಿಂಗಳು ಚೆಕಪ್‌ಗೆ ಅಂತ ಅಪ್ಪನ್ನ ವಾಪಸ್ ಬೆಂಗಳೂರಿಗೆ ಕರ್ಕೊಂಡು ಬಂದೆ. ಬಿಸಿಲಲ್ಲಿ ನಿಂತಿದ್ದ ಕಾರಿನ ನಾಲ್ಕೂ ಕಿಟಕಿ ಇಳಿಸಿ, ಬಿಸಿ ಗಾಳಿ ಆಚೆ ಹೋಗೋವರೆಗೆ ಒಂದೆರಡು ನಿಮಿಷ ಓಡಿಸಿ, ಆಮೇಲೆ ಎಸಿ ಹಾಕಿದೆ. ಹಿರಿಯೂರು ಬರೋಷ್ಟರಲ್ಲಿ ಹಿಂದಿನ ಸೀಟಿಂದ ದನಿ ಬಂತು: "ಸ್ವಲ್ಪ ಕಮ್ಮಿ ಮಾಡಮ್ಮ, ಕಾಲು ಜುಮ್ಮಂತಿದೆ."