ಪಚ್ಚಬಾಳೆಗೆ ಹೆಸರು ಕೊಟ್ಟ ಮನೆತನ

ಅಡಿಕೆ ಮರಗಳ ನಡುವೆ ನಮ್ಮಲ್ಲಿ ಹಲವರು ಪಚ್ಚಬಾಳೆಯನ್ನೋ ಈಚಿನ ಜಿ-9 ಬಾಳೆಯನ್ನೋ ನೆಡುತ್ತಾರೆ. ಇವು ಕ್ಯಾವೆಂಡಿಷ್ ಗುಂಪಿನ ಬಾಳೆಗಳು. ಕ್ಯಾವೆಂಡಿಷ್ ಎಂಬುದು ಇಂಗ್ಲೆಂಡಿನ ಒಂದು ದೊಡ್ಡ ಜಮೀನ್ದಾರಿ ಮನೆತನದ ಹೆಸರು. ಡರ್ಬಿಷೈರ್ ಪ್ರಾಂತದ ಚಾಟ್ಸ್‌ವರ್ತ್‌ನಲ್ಲಿ ಆ ಮನೆತನದ ಬಂಗಲೆ ಮತ್ತು ಎಸ್ಟೇಟು ಇವೆ. ತೋಟವನ್ನು ಮಕ್ಕಳಿಗೆ ದಾಟಿಸುವ ಯೋಚನೆಯಲ್ಲಿರುವ ಬೆಳೆಗಾರ ಬಾಂಧವರು ಅದರ ಕಥೆಯನ್ನು ತಿಳಿಯುವುದು ಒಳ್ಳೆಯದು.

ಸರ್ ವಿಲಿಯಂ ಕ್ಯಾವೆಂಡಿಷ್ ಈ ಭೂಮಿಯನ್ನು 1549ರಲ್ಲಿ 600 ಪೌಂಡಿಗೆ ಕೊಂಡನು. 1694ರಲ್ಲಿ ಮನೆತನಕ್ಕೆ ಡ್ಯೂಕ್ ಪದವಿ ಬಂದಿತು.

6ನೇ ಡ್ಯೂಕನು ಮದುವೆಯಾಗದವನು, ಖರ್ಚಿಗೆ ಹಿಂಜರಿಯದವನು. ಇನ್ನೂ 25 ತುಂಬದ ಜೋಸೆಫ್ ಪ್ಯಾಕ್ಸ್‌ಟನ್‌ನನ್ನು 1826ರಲ್ಲಿ ತೋಟದ ಮುಖ್ಯಸ್ಥನನ್ನಾಗಿ ನೇಮಿಸಿಕೊಂಡನು. ಮಾರಿಷಸ್ಸಿನಿಂದ ಬಂದಿದ್ದ ಬಾಳೆಯೊಂದನ್ನು ಪ್ಯಾಕ್ಸ್‌ಟನ್ ಗಾಜಿನ ಮನೆಯೊಳಗೆ ಸಾಕಿದನು. 1835ರಲ್ಲಿ ಅದು ಹೂ ಬಿಟ್ಟಿತು. ಗಿಡ ಮೂಲತಃ ಚೀನಾದ್ದು, ಹೆಸರು ಮಾತ್ರ ಧಣಿಯದು! ಮುಂದೆ ಉಷ್ಣವಲಯದ ಗಿಡಗಳಿಗೆಂದೇ 277 ಅಡಿ ಉದ್ದದ ಗಾಜಿನ ಮನೆ ಎದ್ದಿತು. ನೆಲದಡಿಯ ಬಾಯ್ಲರುಗಳಿಗೆ ಕಲ್ಲಿದ್ದಲು ಸುರಿಯುತ್ತಲೇ ಇರಬೇಕು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಗಿಡಗಳು ಸತ್ತವು, 1920ರಲ್ಲಿ ಕಟ್ಟಡವನ್ನೇ ಸಿಡಿಮದ್ದಿಟ್ಟು ಕೆಡವಲಾಯಿತು. ಹೊರಗಿನಿಂದ ತರುವ ಉರುವಲನ್ನೇ ನಂಬಿದ ಬೆಳೆಯ ಪಾಡು ಅದು.

ಆದರೆ ಎಸ್ಟೇಟಿಗೆ ದೊಡ್ಡ ಪೆಟ್ಟು ಬಿದ್ದದ್ದು ಕಾಗದಪತ್ರದಲ್ಲಿ. ಇಂಗ್ಲೆಂಡಿನಲ್ಲಿ ಯಜಮಾನ ಸತ್ತಾಗ ಆಸ್ತಿಯ ಮೇಲೆ ಭಾರಿ ಸುಂಕವಿತ್ತು. ಅದನ್ನು ತಪ್ಪಿಸಲು 10ನೇ ಡ್ಯೂಕನು 1946ರಲ್ಲಿ ಆಸ್ತಿಯನ್ನು ಟ್ರಸ್ಟಿಗೆ ವರ್ಗಾಯಿಸಿದನು. ವರ್ಗಾಯಿಸಿದವನು ಅನಂತರ 5 ವರ್ಷ ಬದುಕಿರಬೇಕೆಂಬುದು ನಿಯಮ. 1950ರ ನವೆಂಬರಿನಲ್ಲಿ, ಸೌದೆ ಸೀಳುತ್ತಿದ್ದಾಗ ಆತನಿಗೆ ಹೃದಯಾಘಾತವಾಯಿತು. ಗಡುವಿಗೆ ಕೆಲವು ವಾರಗಳಷ್ಟೇ ಬಾಕಿಯಿದ್ದವು. ಸುಂಕ ನೂರಕ್ಕೆ 80!

ಸಾವಿರಾರು ಎಕರೆ ಭೂಮಿ ಮಾರಾಟವಾಯಿತು. ಬೆಲೆಬಾಳುವ ಚಿತ್ರಗಳು ಹೋದವು. ಹಾರ್ಡ್‌ವಿಕ್ ಎಂಬ ಮತ್ತೊಂದು ಪುರಾತನ ಮನೆಯನ್ನು ಸುಂಕಕ್ಕೆ ಬದಲಾಗಿ ಒಪ್ಪಿಸಬೇಕಾಯಿತು. ಲೆಕ್ಕ ತೀರ್ಮಾನವಾಗಲು 17 ವರ್ಷ ಹಿಡಿಯಿತು. ನಮ್ಮ ದೇಶದಲ್ಲಿಯೂ ಎಸ್ಟೇಟ್ ಡ್ಯೂಟಿ 1953ರಲ್ಲಿ ಬಂದು 1985ರಲ್ಲಿ ರದ್ದಾಯಿತು. ಆದರೂ ಉಯಿಲು, ವಿಭಾಗಪತ್ರ, ಪೌತಿ ಖಾತೆಗಳನ್ನು "ಮುಂದಿನ ಕೊಯ್ಲಾಗಲಿ" ಎಂದು ತಳ್ಳುವ ರೂಢಿ ನಮ್ಮಲ್ಲಿ ಹೋಗಿಲ್ಲ.

ಚಾಟ್ಸ್‌ವರ್ತ್ ಉಳಿದುಕೊಂಡದ್ದು ಟಿಕೆಟು ಮತ್ತು ಅಂಗಡಿಗಳಿಂದ. 1949ರಲ್ಲಿ ಬಂಗಲೆಯನ್ನು ಮತ್ತೆ ಜನರಿಗೆ ತೆರೆದಿದ್ದರು. 1977ರಲ್ಲಿ ಎಸ್ಟೇಟಿನ ಮಾಂಸವನ್ನು ನೇರವಾಗಿ ಗಿರಾಕಿಗಳಿಗೆ ಮಾರುವ ಅಂಗಡಿ ಆರಂಭವಾಯಿತು. ಆಗಿನ ಡಚೆಸ್ ಡೆಬೊರಾ ಅದರ ಹಿಂದಿದ್ದವರು. 1981ರಲ್ಲಿ ಬಂಗಲೆಯನ್ನು ನೋಡಿಕೊಳ್ಳಲು ಧರ್ಮಾರ್ಥ ಟ್ರಸ್ಟ್ ರಚನೆಯಾಯಿತು. ತಮ್ಮದೇ ಪೂರ್ವಿಕರ ಮನೆಯಲ್ಲಿ ವಾಸಿಸಲು ಡ್ಯೂಕ್ ಕುಟುಂಬ ಈಗ ಆ ಟ್ರಸ್ಟಿಗೆ ಬಾಡಿಗೆ ಕೊಡುತ್ತದೆ.