ಮಗುವಿನ ಎದೆಯ ಎಕ್ಸ್‌ರೇಯಲ್ಲಿ ಟಿಬಿ ಹುಡುಕುವುದು ಹೇಗೆ?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಅಕ್ಕಂದಿರೇ, ಅಣ್ಣಂದಿರೇ, ಎರಡು ವಾರ ಕಳೆದರೂ ಮಗುವಿನ ಕೆಮ್ಮು ನಿಂತಿಲ್ಲವೇ? ಅಂಗನವಾಡಿಯಲ್ಲಿ ತೂಗಿದಾಗ ತೂಕ ಏರುತ್ತಿಲ್ಲವೇ? ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದರಂತೂ ಕಾಯಲೇಬೇಡಿ.

ಟಿಬಿ ಪರೀಕ್ಷೆಗೆ ದೊಡ್ಡವರು ಕಫ ತೆಗೆದು ಡಬ್ಬಿಯಲ್ಲಿ ಕೊಡುತ್ತಾರೆ. ಐದು ವರ್ಷದೊಳಗಿನ ಮಕ್ಕಳು ಅದನ್ನು ನುಂಗಿಬಿಡುತ್ತಾರೆ. ಸಿಕ್ಕ ಕಫದಲ್ಲೂ ರೋಗಾಣು ತೀರಾ ಕಡಿಮೆ. ಅದಕ್ಕೇ ಎದೆಯ ಎಕ್ಸ್‌ರೇಗೆ ಇಷ್ಟು ಮಹತ್ವ.

ಅದರಲ್ಲಿ ವೈದ್ಯರು ಮುಖ್ಯವಾಗಿ ಹುಡುಕುವುದು ಶ್ವಾಸನಾಳ ಕವಲೊಡೆಯುವಲ್ಲಿ ಊದಿಕೊಂಡ ದುಗ್ಧಗ್ರಂಥಿಗಳನ್ನು. ಮಕ್ಕಳ ಟಿಬಿಯ ಗುರುತು ಹೆಚ್ಚಾಗಿ ಅಲ್ಲೇ. ಹೃದಯದ ನೆರಳಿನಲ್ಲಿ ಈ ಗಂಟುಗಳು ಮರೆಯಾಗಬಹುದು. ಹಾಗಾಗಿ ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆದರೆ ಒಳ್ಳೆಯದು. ಮಗು ಹೊರಳಾಡಿದರೆ ಚಿತ್ರ ಮಸುಕಾಗುತ್ತದೆ. ಅಲುಗದಂತೆ ಹಿಡಿದುಕೊಳ್ಳಿ, ಗರ್ಭಿಣಿಯರು ಮಾತ್ರ ಹಿಡಿಯಬೇಡಿ. ವಿಕಿರಣಕ್ಕೆ ಹೆದರಿ ಮಗುವನ್ನು ವಾಪಸ್ ಕರೆದೊಯ್ಯಬೇಡಿ, ದಯವಿಟ್ಟು. ಒಂದು ಎದೆಯ ಎಕ್ಸ್‌ರೇಯ ಪ್ರಮಾಣ, ನೆಲ ಮತ್ತು ಗಾಳಿಯಿಂದ ಕೆಲವೇ ದಿನಗಳಲ್ಲಿ ನಮಗೆಲ್ಲ ತಗಲುವಷ್ಟು.

ಆದರೆ ಎಕ್ಸ್‌ರೇ ಒಂದೇ ಸಾಲದು. ನ್ಯುಮೋನಿಯಾ ಕೂಡ ಹಾಗೇ ಕಾಣಬಹುದು; ಟಿಬಿ ಇದ್ದೂ ಚಿತ್ರ ಸರಿಯಾಗಿಯೇ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯ ಪ್ರಕಾರ ಮಗುವಿನ ಮಲದಲ್ಲೂ ಟಿಬಿ ರೋಗಾಣು ಹುಡುಕಬಹುದು. ಅದು ಸಿಗದಿದ್ದರೂ ಲಕ್ಷಣ, ಮನೆಯವರ ಕಾಯಿಲೆ, ಎಕ್ಸ್‌ರೇ ಮೂರನ್ನೂ ತೂಗಿನೋಡಿ ವೈದ್ಯರು ಚಿಕಿತ್ಸೆ ಶುರುಮಾಡಬಹುದು.

ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಮಾತ್ರೆ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಸಿಗುತ್ತದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಇವತ್ತೇ ಹೇಳಿ, ಮಗುವನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ.